ಬೋರ್ ನೀರಿನ ಪೂಲ್‌ಗೆ ಯಾವ ಕ್ಲೋರಿನ್? ಟಿಸಿಸಿಎ, ಬ್ಲೀಚಿಂಗ್ ಪೌಡರ್, ಹೈಪೋ, ಉಪ್ಪು: ನಾನು ಬಳಸಿ ನೋಡಿದ್ದು

ದೊಡ್ಡಬಳ್ಳಾಪುರದ ಕಡೆ ನಮ್ಮ ತೋಟದ ಮನೆಗೆ ಪೂಲ್ ಕಟ್ಟಿಸಿದ ಮೇಲೆ ಪರಿಚಯದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ನೀವು ಯಾವ ಕ್ಲೋರಿನ್ ಹಾಕ್ತೀರಿ? ಕೆಮಿಕಲ್ ಅಂಗಡಿಯಲ್ಲಿ ಕೇಳಿದರೆ ಟಿಸಿಸಿಎ ಅನ್ನುವ ಕ್ಲೋರಿನ್ ಮಾತ್ರೆಯ ಡಬ್ಬ ಮುಂದಿಡುತ್ತಾರೆ. ಕ್ಲೀನಿಂಗ್‌ಗೆ ಬರುವ ಹುಡುಗರು ‘ಬ್ಲೀಚಿಂಗ್ ಪೌಡರ್ ಸಾಕು ಸಾರ್’ ಅನ್ನುತ್ತಾರೆ. ಪಕ್ಕದ ತೋಟದವರು ಉಪ್ಪುನೀರಿಗೆ ಕರೆಂಟ್ ಹರಿಸಿ ಕ್ಲೋರಿನ್ ಮಾಡುವ ಉಪ್ಪಿನ ಮೆಷಿನ್ ಹಾಕಿಸಿದ್ದಾರೆ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಶುರುವಿಗೆ ಸ್ವಲ್ಪ ಟಿಸಿಸಿಎ, ಆಮೇಲೆ ವರ್ಷವಿಡೀ ಹೈಪೋ, ಅಂದರೆ ದ್ರವರೂಪದ ಕ್ಲೋರಿನ್ (ಸೋಡಿಯಂ ಹೈಪೋಕ್ಲೋರೈಟ್).

ಇದು ನಮ್ಮ ನೀರಿಗೆ ಹೊಂದುವ ಉತ್ತರ. ನಿಮ್ಮ ನೀರು ಬೇರೆ ಇದ್ದರೆ ಉತ್ತರವೂ ಬೇರೆ. ನಮ್ಮದು 50,000 ಲೀಟರಿನ ಪೂಲ್. ಬೋರ್ ನೀರು, ಗಡಸುತನ (ಕರಗಿದ ಸುಣ್ಣದಂಶ) 400 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ದಾಟುತ್ತದೆ, ಆಲ್ಕಲಿನಿಟಿ (ಆಸಿಡ್ ತಡೆದುಕೊಳ್ಳುವ ಶಕ್ತಿ) 250ರ ಆಸುಪಾಸು. ಮೇಲೆ ನೆರಳಿಲ್ಲ, ಬೆಳಗಿನಿಂದ ಸಂಜೆವರೆಗೆ ಬಿಸಿಲು. ಪಿಎಚ್ 7.2ರಿಂದ 7.8ರ ಒಳಗಿರಬೇಕು. ಫ್ರೀ ಕ್ಲೋರಿನ್, ಅಂದರೆ ಇನ್ನೂ ಕೆಲಸ ಮಾಡಬಲ್ಲ ಕ್ಲೋರಿನ್, ನಾನು 3 ಪಿಪಿಎಂ ಹತ್ತಿರ ಇಟ್ಟುಕೊಳ್ಳುತ್ತೇನೆ. ಬಿಸಿಲಿನ ದಿನ ಸುಮಾರು 2 ಪಿಪಿಎಂ ಖರ್ಚಾಗುತ್ತದೆ. ಅಷ್ಟನ್ನು ತುಂಬಲು 90% ಕ್ಲೋರಿನ್ ಬಲದ ಟಿಸಿಸಿಎ ಆದರೆ 110 ಗ್ರಾಂ, 33% ಬ್ಲೀಚಿಂಗ್ ಪೌಡರ್ ಆದರೆ 300 ಗ್ರಾಂ, 10% ಹೈಪೋ ಆದರೆ ಒಂದು ಲೀಟರ್ ಬೇಕು.

ಅಂಕಿ ನೋಡಿದರೆ ಟಿಸಿಸಿಎ ಗೆದ್ದ ಹಾಗೆ ಕಾಣುತ್ತದೆ ಅಲ್ವಾ? ಬಳಸೋಕೂ ಬಹಳ ಸುಲಭ. ಮಾತ್ರೆಯನ್ನು ತೇಲುವ ಡಬ್ಬಿಗೆ ಹಾಕಿ ಬಿಟ್ಟರೆ ನಿಧಾನಕ್ಕೆ ಕರಗುತ್ತದೆ. ಎರಡು ದಿನ ಊರಿಗೆ ಹೋದರೂ ಚಿಂತೆ ಇಲ್ಲ. ಇದು ಹುಳಿ ಗುಣದ್ದು, ಹಾಗಾಗಿ ನಮ್ಮ ನೀರಿನ ಜಾಸ್ತಿ ಆಲ್ಕಲಿನಿಟಿಯನ್ನು ತಾನೇ ಇಳಿಸಿ, ಪಿಎಚ್ ಇಳಿಸಲು ಹಾಕುವ ಆಸಿಡ್ ಖರ್ಚನ್ನೂ ಉಳಿಸುತ್ತದೆ.

ತೊಂದರೆ ಇರುವುದು ಕ್ಲೋರಿನ್ ಜೊತೆ ಬರುವ ಸಯನ್ಯೂರಿಕ್ ಆಸಿಡ್‌ನಲ್ಲಿ. ಅಂಗಡಿಯವರು ಇದನ್ನು ಸ್ಟೆಬಿಲೈಸರ್ ಅನ್ನುತ್ತಾರೆ. ಇದು ಬಿಸಿಲಿಗೆ ಕ್ಲೋರಿನ್ ಹಾರಿಹೋಗದಂತೆ ಹಿಡಿದಿಡುತ್ತದೆ. 30ರಿಂದ 50 ಪಿಪಿಎಂ ಇದ್ದರೆ ಒಳ್ಳೆಯದೇ. ಅದು ಇಲ್ಲದಿದ್ದರೆ ಬೆಳಿಗ್ಗೆ ಹಾಕಿದ ಕ್ಲೋರಿನ್ ಮಧ್ಯಾಹ್ನದ ಹೊತ್ತಿಗೆ ಬಹುಪಾಲು ಖಾಲಿ. ಆದರೆ ಕ್ಲೋರಿನ್ ಖರ್ಚಾದರೂ ಸ್ಟೆಬಿಲೈಸರ್ ನೀರಲ್ಲೇ ಉಳಿಯುತ್ತದೆ. ಟಿಸಿಸಿಎಯಿಂದ 10 ಪಿಪಿಎಂ ಕ್ಲೋರಿನ್ ಕೊಟ್ಟರೆ 6 ಪಿಪಿಎಂ ಸ್ಟೆಬಿಲೈಸರ್ ಸೇರುತ್ತದೆ. ದಿನಕ್ಕೆ 2 ಪಿಪಿಎಂ ಕ್ಲೋರಿನ್‌ನ ನಮ್ಮ ಲೆಕ್ಕದಲ್ಲಿ ತಿಂಗಳಿಗೆ 36. ಮೂರು ತಿಂಗಳಲ್ಲಿ 100 ದಾಟುತ್ತದೆ.

ಅದು ಏರಿದಷ್ಟೂ ಕ್ಲೋರಿನ್ ಮಂಕಾಗುತ್ತದೆ. ಫ್ರೀ ಕ್ಲೋರಿನ್ ಕನಿಷ್ಠ ಸ್ಟೆಬಿಲೈಸರ್‌ನ 7.5% ಇರಬೇಕು ಅನ್ನುವುದು ಪೂಲ್ ನೋಡಿಕೊಳ್ಳುವವರಲ್ಲಿ ಬಳಕೆಯಲ್ಲಿರುವ ಲೆಕ್ಕ. ಸ್ಟೆಬಿಲೈಸರ್ 40 ಇದ್ದರೆ 3 ಪಿಪಿಎಂ ಸಾಕು. 100 ಆದರೆ 7.5 ಬೇಕು. ನೀರು ಪರೀಕ್ಷಿಸುವ ಕಿಟ್‌ನಲ್ಲಿ ಕ್ಲೋರಿನ್ 3 ಅಂತ ಸರಿಯಾಗೇ ತೋರಿಸುತ್ತಿರುತ್ತದೆ, ಮೆಟ್ಟಿಲ ಮೂಲೆಯಲ್ಲಿ ಮಾತ್ರ ಹಸಿರು ಪಾಚಿ ಕೈಗೆ ಜಾರುತ್ತದೆ. ಕಾರಣ ಇದೇ.

ಸ್ಟೆಬಿಲೈಸರ್ ಅಳೆಯುವ ಬಗೆ ನನಗೆ ತುಂಬಾ ಇಷ್ಟ. ಪೂಲ್ ನೀರಿಗೆ ಮೆಲಮೈನ್ ದ್ರಾವಣ ಬೆರೆಸಿದರೆ ನೀರು ಹಾಲಿನಂತೆ ಬಿಳಿಯಾಗುತ್ತದೆ. ತಳದಲ್ಲಿ ಕಪ್ಪು ಚುಕ್ಕೆ ಇರುವ ಸಣ್ಣ ಕೊಳವೆಗೆ ಅದನ್ನು ನಿಧಾನಕ್ಕೆ ಸುರಿಯುತ್ತಾ ಮೇಲಿನಿಂದ ನೋಡಬೇಕು. ಚುಕ್ಕೆ ಕಾಣದಾದ ಗೆರೆಯೇ ನಿಮ್ಮ ರೀಡಿಂಗ್. ಚುಕ್ಕೆ ಬೇಗ ಮಾಯವಾದರೆ ಸ್ಟೆಬಿಲೈಸರ್ ಜಾಸ್ತಿ ಅಂತ.

ಜಾಸ್ತಿ ಆದರೆ ಅರ್ಧ ನೀರು ಚೆಲ್ಲಿ ಹೊಸ ನೀರು ತುಂಬುವುದೊಂದೇ ಸರಳ ದಾರಿ. ನಮ್ಮ ಕಡೆ 25,000 ಲೀಟರ್ ನೀರು ಚೆಲ್ಲೋಕೆ ನನಗೆ ಮನಸ್ಸು ಬರುವುದಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿದ್ದು ನೆನಪಿರಬಹುದು. ಅಂಥ ಬೇಸಿಗೆಯಲ್ಲಿ ಪೂಲ್ ಖಾಲಿ ಮಾಡುವಂತೆ ಮಾಡುವ ಕ್ಲೋರಿನ್ ಅಗ್ಗ ಹೇಗಾಗುತ್ತದೆ?

ಬ್ಲೀಚಿಂಗ್ ಪೌಡರ್‌ನಲ್ಲಿ ಸ್ಟೆಬಿಲೈಸರ್ ಕಾಟ ಇಲ್ಲ. ಎಲ್ಲ ಊರಲ್ಲೂ ಸಿಗುತ್ತದೆ, ಬೆಲೆಯೂ ಕಡಿಮೆ. ಆದರೆ ಸುಣ್ಣ ಬರುತ್ತದೆ. ಬಕೆಟ್‌ನಲ್ಲಿ ಕಲಸಿ, ತಳಕ್ಕೆ ಕೂತ ಮೇಲೆ ತಿಳಿನೀರು ಮಾತ್ರ ಸುರಿದರೂ ಕ್ಯಾಲ್ಸಿಯಂ ಪೂಲ್‌ಗೆ ಹೋಗೇ ಹೋಗುತ್ತದೆ. 65–70% ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಹರಳು ತಂದರೆ ಗಸಿ ಕಡಿಮೆ, ಆದರೂ 10 ಪಿಪಿಎಂ ಕ್ಲೋರಿನ್‌ಗೆ ಗಡಸುತನ 7 ಪಿಪಿಎಂ ಏರುತ್ತದೆ. ಮೊದಲೇ 400 ಇರುವ ನೀರಿಗೆ ಇದು ಬೇಡ. ಬಳಸಿದ ತಿಂಗಳುಗಳಲ್ಲಿ ನೀರಿನ ಮಟ್ಟದ ಟೈಲ್ಸ್ ಮೇಲೆ ಬಿಳಿ ಗೆರೆ ಕೂತಿತು. ಉಗುರಿಂದ ಕೆರೆದರೂ ಬರಲಿಲ್ಲ. ನೀರೂ ಮಬ್ಬು ಮಬ್ಬಾಗೇ ಇತ್ತು.

ಆದರೆ ಸಕಲೇಶಪುರದ ನಮ್ಮ ಭಾವನ ಹೋಮ್‌ಸ್ಟೇಯಲ್ಲಿ ಇದೇ ಹರಳನ್ನು ಹಾಕಿ ಅಂತ ನಾನೇ ಹೇಳಿದೆ. ಅಲ್ಲಿ ತೊರೆ ನೀರು, ಗಡಸುತನ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಂಥ ಮೆದು ನೀರು ಟೈಲ್ಸ್ ಸಂದಿನ ಗ್ರೌಟ್‌ನಿಂದಲೇ ಕ್ಯಾಲ್ಸಿಯಂ ಕರಗಿಸಿಕೊಳ್ಳುತ್ತದೆ. ಕ್ಲೋರಿನ್ ಜೊತೆಗೇ ಕ್ಯಾಲ್ಸಿಯಂ ಸಿಕ್ಕರೆ ಅಲ್ಲಿ ಲಾಭವೇ. ಮಳೆಗಾಲದಲ್ಲಿ ಅಲ್ಲಿ ಪೂಲ್ ತುಂಬಿ ಹರಿಯುತ್ತಲೇ ಇರುತ್ತದೆ, ಹಾಗಾಗಿ ಯಾವುದೂ ಶೇಖರವಾಗುವುದಿಲ್ಲ. ಆಲ್ಕಲಿನಿಟಿ ಕೂಡ ತೊಳೆದು ಹೋಗುವುದರಿಂದ ಆಗಾಗ ಅಡುಗೆ ಸೋಡ ಹಾಕಬೇಕು, ಅಷ್ಟೇ.

ಉಪ್ಪಿನ ಮೆಷಿನ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಪಕ್ಕದವರು ಊರಿಗೆ ಹೋದಾಗ ಅವರ ಪೂಲ್ ನಾನೇ ನೋಡಿಕೊಳ್ಳುವುದು. ನೀರು ಕಣ್ಣಿಗೆ, ಮೈಗೆ ಹಿತವಾಗಿದೆ, ಅದು ನಿಜ. ಆದರೆ ನಮ್ಮ ಅಳತೆಯ ಪೂಲ್‌ಗೆ 150 ಕೆಜಿಗೂ ಜಾಸ್ತಿ ಉಪ್ಪು ಬೇಕು. ಗಡಸು ನೀರಿಗೆ, ಕ್ಲೋರಿನ್ ತಯಾರಾಗುವ ಸೆಲ್‌ನ ಪ್ಲೇಟ್‌ಗಳ ಮೇಲೆ ಸುಣ್ಣ ಕಟ್ಟುತ್ತದೆ, ಬಿಚ್ಚಿ ಆಸಿಡ್ ನೀರಲ್ಲಿ ನೆನೆಸಬೇಕು. ಕರೆಂಟ್ ಇಲ್ಲದಿದ್ದರೆ ಕ್ಲೋರಿನ್ ಇಲ್ಲ. ಬ್ಯಾಕ್‌ವಾಶ್ ನೀರನ್ನು (ಫಿಲ್ಟರ್ ತೊಳೆದ ನೀರು) ಉಪ್ಪಿರುವುದರಿಂದ ಗಿಡಕ್ಕೆ ಬಿಡುವಂತಿಲ್ಲ. ದ್ರಾಕ್ಷಿ ಬಳ್ಳಿ ಇರುವ ಕಡೆ ಇದು ಸಣ್ಣ ವಿಷಯ ಅಲ್ಲ.

ಉಳಿದದ್ದು ಹೈಪೋ. ಇದರಲ್ಲಿ ಸುಣ್ಣ ಇಲ್ಲ, ಸ್ಟೆಬಿಲೈಸರ್ ಇಲ್ಲ, ಹಿಂದೆ ಉಳಿಯುವುದು ಸ್ವಲ್ಪ ಉಪ್ಪು. ಹೊಸ ನೀರು ತುಂಬಿದಾಗ ನಾನು ಮೊದಲು ಟಿಸಿಸಿಎ ಹಾಕುತ್ತೇನೆ. ಒಟ್ಟು ಮೂರೂವರೆ–ನಾಲ್ಕು ಕೆಜಿ ಕರಗುವ ಹೊತ್ತಿಗೆ ಸ್ಟೆಬಿಲೈಸರ್ 40ಕ್ಕೆ ಬರುತ್ತದೆ, ಆಲ್ಕಲಿನಿಟಿಯೂ ಒಂದಿಷ್ಟು ಇಳಿದಿರುತ್ತದೆ. ಅಲ್ಲಿಗೆ ಅದನ್ನು ನಿಲ್ಲಿಸಿ ಹೈಪೋಗೆ ಬದಲಾಯಿಸುತ್ತೇನೆ. ಸೂರ್ಯ ಮುಳುಗಿದ ಮೇಲೆ, ಪಂಪ್ ಓಡುವಾಗ, ನೀರು ಪೂಲ್‌ಗೆ ವಾಪಸ್ ಬರುವ ಬಾಯಿಯ ಮುಂದೆ ಒಂದು ಲೀಟರ್ ಸಣ್ಣಗೆ ಸುರಿಯುತ್ತೇನೆ.

ಹೈಪೋದ ಕಷ್ಟ ಎರಡು. ದಿನವೂ ಹಾಕಬೇಕು. ಮತ್ತೆ, ಬಿಸಿಗೆ ಅದರ ಶಕ್ತಿ ಕುಗ್ಗುತ್ತದೆ. ತಗಡಿನ ಶೆಡ್‌ನಲ್ಲಿ ಇಟ್ಟ ಕ್ಯಾನ್ ಬೇಸಿಗೆಯಲ್ಲಿ ವಾರಗಳಲ್ಲೇ ಸಪ್ಪೆಯಾಗುತ್ತದೆ. ಸ್ಟಾಕ್ ಬೇಗ ಖಾಲಿಯಾಗುವ ಅಂಗಡಿಯಿಂದ, ಎರಡು ವಾರಕ್ಕೆ ಆಗುವಷ್ಟೇ ತನ್ನಿ.

ಕಿಟ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಹಳದಿ ಬಣ್ಣ ಬರುವ ಅಗ್ಗದ ಕಿಟ್ ಒಟ್ಟು ಕ್ಲೋರಿನ್ ತೋರಿಸುತ್ತದೆ. ಬೆವರು, ಮೂತ್ರದ ಜೊತೆ ಸೇರಿ ಕೆಲಸಕ್ಕೆ ಬಾರದಂತಾದ ಕ್ಲೋರಿನ್ ಕೂಡ ಅದರಲ್ಲಿ ಲೆಕ್ಕಕ್ಕೆ ಬರುತ್ತದೆ. ಪೂಲ್ ಹತ್ತಿರ ಮೂಗಿಗೆ ಹೊಡೆಯುವ ಘಾಟು ಅದರದ್ದೇ. ಗುಲಾಬಿ ಬಣ್ಣ ಬರುವ ಡಿಪಿಡಿ ಕಿಟ್ ಫ್ರೀ ಕ್ಲೋರಿನ್ ಅನ್ನು ಬೇರೆಯಾಗಿ ತೋರಿಸುತ್ತದೆ.

ಇನ್ನೊಂದು ಮಾತು, ದಯವಿಟ್ಟು ಗಮನವಿಟ್ಟು ಓದಿ. ಟಿಸಿಸಿಎ ಮತ್ತು ಬ್ಲೀಚಿಂಗ್ ಪೌಡರ್ ಒಣಗಿದ್ದಾಗಲೂ ಬೆರೆಯಬಾರದು, ಬೆಂಕಿ ಹತ್ತಬಹುದು, ಸಿಡಿಯಬಹುದು. ಅಳತೆ ಕಪ್ ಬೇರೆ ಬೇರೆ ಇರಲಿ. ಪುಡಿಯನ್ನು ನೀರಿಗೆ ಹಾಕಿ, ಪುಡಿ ಮೇಲೆ ನೀರು ಹಾಕಬೇಡಿ. ಪಿಎಚ್ ಇಳಿಸುವ ಆಸಿಡ್ ಹೈಪೋಗೆ ತಾಗಿದರೆ ವಿಷಗಾಳಿ ಏಳುತ್ತದೆ. ನಮ್ಮಲ್ಲಿ ಆಸಿಡ್ ಕ್ಯಾನ್ ಪಂಪ್ ರೂಮಿನ ಹೊರಗೆ, ಬೇರೆ ಬೀಗದಲ್ಲಿದೆ. ಕೆಲಸದವರಿಗೂ ಇದನ್ನು ನಿಂತು ತೋರಿಸಿ ಹೇಳಿಕೊಡಿ.