ಕಾರವಾರದ ಉಪ್ಪುಗಾಳಿಯಲ್ಲಿ ಏಸಿ ತೊಳೆಯುವುದು: ಫೋಮ್ ಡಬ್ಬಿ, ಕೈಪಂಪು, ಮೆಕ್ಯಾನಿಕ್ ಮೂರನ್ನೂ ಮಾಡಿ ನೋಡಿದ್ದು

ನಮ್ಮ ಮನೆಯಲ್ಲಿ ಒಂದೇ ಕಂಪನಿಯ, ಒಂದೇ ಅಳತೆಯ ಎರಡು ಏಸಿ ಇವೆ. ಒಂದೂವರೆ ಟನ್ನಿನ ಇನ್ವರ್ಟರ್ ಏಸಿ, 2021ರ ಏಪ್ರಿಲ್‌ನಲ್ಲಿ ಒಂದೇ ದಿನ ಗೋಡೆಗೆ ಏರಿದವು. ಒಂದು ಆಯಿಯ ಕೋಣೆಗೆ, ಒಂದು ಮಕ್ಕಳ ಕೋಣೆಗೆ. ಮನೆ ಕೋಡಿಬಾಗದಲ್ಲಿ. ಮಧ್ಯಾಹ್ನ ಕಳೆದರೆ ಕಡಲ ಕಡೆಯಿಂದ ಗಾಳಿ ಏಳುತ್ತದೆ. ಸಂಜೆ ಕಿಟಕಿಯ ಸರಳು ಒರೆಸಿದ ಬೆರಳನ್ನು ನಾಲಗೆಗೆ ಮುಟ್ಟಿಸಿದರೆ ಉಪ್ಪುಪ್ಪು. ಆಯಿಯ ಕೋಣೆಯ ಔಟ್‌ಡೋರ್ ಯೂನಿಟ್ ಕೂತಿರುವುದು ಆ ಗಾಳಿಗೇ ಮುಖ ಕೊಟ್ಟ ಪಶ್ಚಿಮದ ಗೋಡೆಯಲ್ಲಿ. ಮಕ್ಕಳ ಕೋಣೆಯದು ಹಿತ್ತಲ ಕಡೆ, ಮನೆಯ ಮರೆಯಲ್ಲಿ.

ಎರಡನೇ ಬೇಸಿಗೆ ಮುಗಿಯುವಷ್ಟರಲ್ಲಿ ಆಯಿ ಶುರುಮಾಡಿದಳು: "ತಂಗೀ, ಇದ್ನ ಹಾಕಿರೆ ಹಸಿ ಬಟ್ಟೆ ಮುದ್ದೆ ಮಾಡಿಟ್ಟಾಂಗೆ ವಾಸ್ನೆ ಬತ್ತು." ಅವಳಿಗೆ ಉಬ್ಬಸವಿದೆ. ಸೆಕೆ ತಡೆಯಲಾರಳು ಎಂದು ಹಾಕಿಸಿದ ಏಸಿಯೇ ಕೆಮ್ಮು ತರಿಸಿದರೆ ಏನು ಮಾಡುವುದು? ತೊಳೆಸಲೇಬೇಕಿತ್ತು. ಹೇಗೆ ತೊಳೆದರೆ ನಮ್ಮ ಊರಿಗೆ ಸರಿ ಎನ್ನುವುದಕ್ಕೆ ಒಬ್ಬೊಬ್ಬರದು ಒಂದೊಂದು ಮಾತು. ಹಾಗಾಗಿ 2023ರ ಮಾರ್ಚ್‌ನಿಂದ ಎರಡು ಕೋಣೆಗೆ ಎರಡು ಕ್ರಮ ಹಿಡಿದು, ಶಾಲೆಯ ಹಳೇ ಹಾಜರಿ ಪುಸ್ತಕವೊಂದರ ಖಾಲಿ ಹಾಳೆಗಳಲ್ಲಿ ಬರೆದಿಡುತ್ತ ಬಂದೆ.

ಅಳೆದದ್ದು ಹೇಗೆ ಎನ್ನುವುದನ್ನು ಮೊದಲು ಹೇಳಬೇಕು. ಏಸಿಯ ಬಾಯಿಗೆ ಥರ್ಮಾಮೀಟರ್ ಹಿಡಿದು "ಎಷ್ಟು ತಣ್ಣಗೆ ಬರ್ತದೆ ನೋಡಿ" ಎನ್ನುವುದು ರೂಢಿ. ಅದನ್ನು ನಂಬಬೇಡಿ. ಫಿಲ್ಟರ್ ಕಟ್ಟಿಕೊಂಡಾಗ ಗಾಳಿ ಕಡಿಮೆಯಾಗುತ್ತದೆ. ಆ ಸ್ವಲ್ಪ ಗಾಳಿ ಒಳಗಿನ ಕಾಯಿಲ್, ಅಂದರೆ ತಣ್ಣಗಿನ ಕೊಳವೆಗಳ ಸುರುಳಿಯ ಮೇಲೆ ನಿಧಾನವಾಗಿ ಹಾದು ಇನ್ನೂ ತಣ್ಣಗಾಗಿಯೇ ಹೊರಬರುತ್ತದೆ. ಬಾಯಿ ತಣ್ಣಗೆ, ಕೋಣೆ ಮಾತ್ರ ಬಿಸಿ. ನಾನು ನೋಡಿದ್ದು ಕೋಣೆಯನ್ನು: ರಾತ್ರಿ ಊಟಕ್ಕೆ ಮೊದಲು ಬಾಗಿಲು ಹಾಕಿ, ಏಸಿ 24ಕ್ಕೆ ಇಟ್ಟು, ಮಂಚದ ಎತ್ತರದಲ್ಲಿ ಕೋಣೆ 31 ಡಿಗ್ರಿಯಿಂದ 27ಕ್ಕೆ ಇಳಿಯಲು ಎಷ್ಟು ನಿಮಿಷ ಬೇಕು ಎಂದು. ತೊಳೆಯುವ ಮೊದಲು ಆಯಿಯ ಕೋಣೆಗೆ ಬೇಕಾದದ್ದು 52 ನಿಮಿಷ.

ಮೊದಲು ಕೈಗೆ ಬಂದದ್ದು ಫೋಮ್ ಡಬ್ಬಿ. ನಾನೂರು ರೂಪಾಯಿ ಚಿಲ್ಲರೆ. ಮುಚ್ಚಳ ಎತ್ತಿ, ಫಿಲ್ಟರ್ ತೆಗೆದು, ಕಾಯಿಲ್ ಮೇಲೆ ಹೊಡೆದರೆ ಬಿಳಿ ನೊರೆ ಏಳುತ್ತದೆ, ಹತ್ತು ನಿಮಿಷದಲ್ಲಿ ಕಂದು ಬಣ್ಣಕ್ಕೆ ತಿರುಗಿ ಇಳಿಯುತ್ತದೆ. ಕೆಲಸ ಸುಲಭ, ಒಬ್ಬರೇ ಮಾಡಬಹುದು, ಗೋಡೆ ಒದ್ದೆಯಾಗುವುದಿಲ್ಲ. ಅವತ್ತು ರಾತ್ರಿ 43 ನಿಮಿಷಕ್ಕೆ ಬಂತು, ವಾಸನೆ ಹೋಗಿತ್ತು. ಎಂಟನೇ ದಿನ ವಾಸನೆ ಮರಳಿತು. ಹನ್ನೊಂದನೇ ದಿನ ಬೆಳಗಿನ ಜಾವ ಇಂಡೋರ್ ಯೂನಿಟ್‌ನ ಎಡ ಮೂಲೆಯಿಂದ ಆಯಿಯ ದಿಂಬಿನ ಮೇಲೆ ತೊಟ್ಟು ತೊಟ್ಟು ನೀರು.

ಡಬ್ಬಿಯ ಮೇಲೆ "ತೊಳೆಯುವ ಅಗತ್ಯವಿಲ್ಲ" ಎಂದಿತ್ತು. ಏಸಿ ಓಡುವಾಗ ಕಾಯಿಲ್ ಮೇಲೆ ಇಳಿಯುವ ನೀರೇ ನೊರೆಯನ್ನು ಕೊಚ್ಚಿಕೊಂಡು ಹೋಗುತ್ತದೆ ಎನ್ನುವ ಲೆಕ್ಕ. ನಮ್ಮಲ್ಲಿ ಆ ನೀರಿಗೇನೂ ಕೊರತೆಯಿಲ್ಲ. ಆದರೆ ಕಾಯಿಲ್‌ನಿಂದ ಬಿಟ್ಟ ಕೊಳೆ ಹೊರಗೆ ಹೋಗದೆ ಕೆಳಗಿನ ತಟ್ಟೆಯಲ್ಲಿ ಕೂತು, ಅಲ್ಲಿಂದ ಡ್ರೈನ್ ಪೈಪಿನ ಬಾಯಿಗೆ ಸೇರಿತ್ತು. ಪೈಪನ್ನು ಹೊರಗಿನಿಂದ ಕಳಚಿ ಊದಿದಾಗ ಹೆಬ್ಬೆರಳಷ್ಟು ದಪ್ಪದ ಲೋಳೆಯ ಗಡ್ಡೆ ಹೊರಬಿತ್ತು: ಬೂದು ಬಣ್ಣ, ಬಾಳೆದಿಂಡಿನ ನಾರಿನಂತೆ ಎಳೆಯೆಳೆ, ಬೆರಳಿಗೆ ಹಿಡಿದರೆ ಜಾರುತ್ತದೆ. ಆಯಿಗೆ ಬರುತ್ತಿದ್ದ ವಾಸನೆ ಅದರದ್ದೇ. ಅಷ್ಟು ದಿನ ಕಾಯಿಲ್ ಕೊಳೆಯಾಗಿದೆ ಎಂದುಕೊಂಡಿದ್ದೆ, ತಟ್ಟೆ ಮತ್ತು ಪೈಪಿನ ಮೇಲೆ ಲಕ್ಷ್ಯವೇ ಹೋಗಿರಲಿಲ್ಲ.

ಕರಾವಳಿಯವರು ಏಸಿಯಲ್ಲಿ ಮೊದಲು ನೋಡಬೇಕಾದದ್ದು ಈ ಪೈಪನ್ನೇ. ಮೇ ತಿಂಗಳ ಒಂದು ರಾತ್ರಿ, ಎಂಟು ಗಂಟೆ ಓಡಿದ ಆಯಿಯ ಏಸಿಯ ಪೈಪಿಗೆ ಬಕೆಟ್ ಇಟ್ಟು ನೋಡಿದೆ. ಬೆಳಿಗ್ಗೆ ಹದಿಮೂರು ಲೀಟರ್. ಗಾಳಿಯಲ್ಲಿರುವ ತೇವವನ್ನು ನೀರು ಮಾಡುವುದರಲ್ಲೇ ನಮ್ಮ ಏಸಿಯ ಶಕ್ತಿ ಎಷ್ಟೋ ಪಾಲು ಹೋಗುತ್ತದೆ. ಶಿರಸಿಯಲ್ಲಿ ತಂಗಿಯ ಮನೆಯಲ್ಲೂ ಅದೇ ವರ್ಷ ತಂದ ಏಸಿ ಇದೆ. ಘಟ್ಟದ ಮೇಲೆ, ಆರುನೂರು ಮೀಟರ್ ಆಸುಪಾಸು ಎತ್ತರದ ಊರು. ಬೇಸಿಗೆಯಲ್ಲಿ ಎರಡು ತಿಂಗಳು ಹಾಕಿದರೆ ಹೆಚ್ಚು. ಅವಳ ಔಟ್‌ಡೋರ್ ಯೂನಿಟ್ ಇವತ್ತಿಗೂ ಅಂಗಡಿಯಿಂದ ತಂದ ಹಾಗಿದೆ. ಅವಳ ಕಷ್ಟವೆಲ್ಲ ಮಳೆಗಾಲದ ಬೂಷ್ಟು.

ಪೈಪಿಗೆ ಏನೇನು ಮಾಡಿ ನೋಡಿದೆ ಎಂದರೆ: ಬಾಯಲ್ಲಿ ಊದುವುದು ಸಾಲದು, ಗಡ್ಡೆ ಒಳಗೇ ಸರಿದು ಕೂರುತ್ತದೆ. ಕುದಿನೀರು ಹಾಕಿದರೆ ತೆಳು ಪ್ಲಾಸ್ಟಿಕ್ ಪೈಪ್ ಮೆತ್ತಗಾಗಿ ಬಾಗುತ್ತದೆ, ಬಾಗಿದಲ್ಲಿ ಮತ್ತೆ ನೀರು ನಿಲ್ಲುತ್ತದೆ. ಬ್ಲೀಚಿಂಗ್ ಪೌಡರ್ ನೀರು ಲೋಳೆಯನ್ನೇನೋ ಕೊಲ್ಲುತ್ತದೆ, ಆದರೆ ಪಕ್ಕದಲ್ಲೇ ಕಾಯಿಲ್‌ನ ಫಿನ್‌ಗಳಿವೆ, ಅಂದರೆ ಒತ್ತೊತ್ತಾಗಿ ಕೂತ ಅಲ್ಯುಮಿನಿಯಂನ ತೆಳು ಹಾಳೆಗಳು. ಕ್ಲೋರಿನ್ ಅವುಗಳ ಶತ್ರು, ಒಂದೇ ಸಲಕ್ಕೆ ನಿಲ್ಲಿಸಿದೆ. ಬಿಳಿ ವಿನೆಗರ್ ಒಳ್ಳೆಯದು, ಆದರೆ ಪೈಪಿನೊಳಗೆ ಮಾತ್ರ: ಹೊರಗೆ ಪೈಪನ್ನು ಕಳಚಿ, ಅರ್ಧ ಲೋಟ ಹೊಯ್ದು, ಅರ್ಧ ಗಂಟೆ ಬಿಟ್ಟು, ಧಾರಾಳ ನೀರು ಬಿಡಬೇಕು. ವಿನೆಗರ್‌ನ ಆಮ್ಲದ ಆವಿ ತಾಮ್ರದ ಕೊಳವೆಗೆ ಆಗಿಬರುವುದಿಲ್ಲ. ಇರುವೆಗೂಡಿನ ಹಾಗೆ ಕಣ್ಣಿಗೆ ಕಾಣದ ಸಣ್ಣ ಸಣ್ಣ ತೂತು ಕೊರೆಯುತ್ತದೆ. ಹಾಗಾಗಿ ಕಾಯಿಲ್ ಮೇಲೆ ವಿನೆಗರ್ ಸಿಂಪಡಿಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ.

ಮಕ್ಕಳ ಕೋಣೆಯ ಪೈಪ್ ಕಟ್ಟಿಕೊಂಡದ್ದು ಬೇರೆ ಕಾರಣಕ್ಕೆ. ಮಳೆಗಾಲವಿಡೀ ಏಸಿ ಹಾಕಿರಲಿಲ್ಲ, ಪೈಪಿನ ತುದಿಯೊಳಗೆ ಕಣಜ ಮಣ್ಣು ತಂದು ಗೂಡು ಮೆತ್ತಿತ್ತು. ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿದೆ. ಮೂರು ವಾರಕ್ಕೆ ಲೋಳೆ ಬಂದು ಪರದೆಗೇ ಹಿಡಿಯಿತು. ಈಗ ಏಸಿ ಓಡುವ ತಿಂಗಳುಗಳಲ್ಲಿ ಬಾಯಿ ತೆರೆದೇ ಇರುತ್ತದೆ, ಓಡದ ತಿಂಗಳಲ್ಲಿ ಮಾತ್ರ ಪರದೆ.

ಇನ್ನು ಕೈಪಂಪು. ಹೂಗಿಡಕ್ಕೆ ಔಷಧಿ ಹೊಡೆಯುವ ಐದು ಲೀಟರಿನ, ಒತ್ತಿ ಗಾಳಿ ತುಂಬುವ ಪಂಪು. ನಾನು ಬೇಕೆಂದಾಗ ಊರಿನಿಂದ ಅಣ್ಣ, "ಹೊಸ್ತೆಂತಕ್ಕೆ, ತೋಟದ ಪಂಪಿದ್ದಲ್ಲ, ತಗಂಡು ಹೋಗು" ಎಂದ. ಬೇಡವೆಂದೆ. ಅಡಿಕೆಗೆ ಕೊಳೆರೋಗ ಬರದಂತೆ ಹೊಡೆಯುವುದು ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣ. ಮೈಲುತುತ್ತವೆಂದರೆ ತಾಮ್ರ. ಪಂಪಿನಲ್ಲಿ ಉಳಿದ ತಾಮ್ರದ ಅಂಶ ಅಲ್ಯುಮಿನಿಯಂ ಫಿನ್ ಮೇಲೆ ಕೂತು, ಜೊತೆಗೆ ಉಪ್ಪು ತೇವವೂ ಸೇರಿದರೆ ಆ ಜಾಗ ತಿಂದುಹೋಗುತ್ತದೆ. ನಮ್ಮ ಜಿಲ್ಲೆಯಲ್ಲಿ ಅಡಿಕೆ ತೋಟವಿರುವ ಬಹಳ ಮನೆಗಳಲ್ಲಿ ಆ ಪಂಪು ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ: ಏಸಿಗೆ ಹೊಸ ಪಂಪನ್ನೇ ತನ್ನಿ.

ನೀರಿನದೂ ಒಂದು ವಿಚಾರವಿದೆ. ಏಪ್ರಿಲ್ ಹೊತ್ತಿಗೆ ನಮ್ಮ ಬಾವಿಯ ನೀರು ಸಪ್ಪೆ ಇರುವುದಿಲ್ಲ, ಚಹಾ ಮಾಡಿದರೆ ಗೊತ್ತಾಗುತ್ತದೆ. ಉಪ್ಪು ತೊಳೆಯಲು ಉಪ್ಪುನೀರು ಹೊಡೆದರೆ ಏನು ಬಂತು? ನಳದ ನೀರು ಆದೀತು. ಎಲ್ಲಕ್ಕಿಂತ ಒಳ್ಳೆಯದು ಏಸಿಯಿಂದಲೇ ಇಳಿದ ನೀರು. ಅದರಲ್ಲಿ ಉಪ್ಪೂ ಇಲ್ಲ, ಗಡಸೂ ಇಲ್ಲ. ರಾತ್ರಿಯ ಬಕೆಟ್ ನೀರನ್ನು ಬಟ್ಟೆಯಲ್ಲಿ ಸೋಸಿ ಪಂಪಿಗೆ ತುಂಬಿಕೊಳ್ಳುತ್ತೇನೆ.

ಮಕ್ಕಳ ಕೋಣೆಯನ್ನು ಹೀಗೆ ಪಂಪಿನಲ್ಲೇ ನೋಡಿಕೊಂಡೆ. ರಿಮೋಟ್‌ನಲ್ಲಿ ನಿಲ್ಲಿಸುವುದು ಸಾಲದು, ಕರೆಂಟ್ ಪೂರ್ತಿ ಕಡಿಯುವ ಎಂಸಿಬಿ ಸ್ವಿಚ್ಚನ್ನೇ ಇಳಿಸಬೇಕು. ಇಂಡೋರ್ ಯೂನಿಟ್‌ನಲ್ಲಿ ಎಲೆಕ್ಟ್ರಾನಿಕ್ ಬೋರ್ಡ್ ಇರುವ ಬದಿಗೆ ಪ್ಲಾಸ್ಟಿಕ್ ಸುತ್ತಿ, ಕೆಳಗೆ ಅಗಲ ಚೀಲ ಕಟ್ಟಿ, ಫಿನ್‌ಗಳ ಗೀರು ಇರುವ ದಿಕ್ಕಿನಲ್ಲೇ ಮೇಲಿನಿಂದ ಕೆಳಕ್ಕೆ ನೀರು ಬಿಡುವುದು. ಅಡ್ಡ ಹೊಡೆದರೆ ಫಿನ್ ಮಡಚುತ್ತದೆ. ಒಂದೂವರೆ ಗಂಟೆ ಹಿಡಿಯಿತು, ಭುಜ ನೋವು ಬಂತು. ಕೋಣೆ 46 ನಿಮಿಷದಿಂದ 37ಕ್ಕೆ ಬಂತು. ಕಾಯಿಲ್ ಸ್ವಚ್ಛ, ತಟ್ಟೆ ಸ್ವಚ್ಛ. ಆದರೆ ಟಾರ್ಚ್ ಹಾಕಿ ಒಳಗಿನ ಬ್ಲೋವರ್, ಅಂದರೆ ಗಾಳಿ ದೂಡುವ ಉದ್ದನೆಯ ಫ್ಯಾನ್ ನೋಡಿದರೆ, ಅದರ ಸಣ್ಣ ಸಣ್ಣ ಎಲೆಗಳ ಮೇಲೆ ಕಪ್ಪು ಬೂಷ್ಟು ಸಾಸಿವೆ ಚೆಲ್ಲಿದಂತೆ ಹಾಗೇ ಇತ್ತು. ಕೈಪಂಪಿನ ಒತ್ತಡ ಅಲ್ಲಿಗೆ ಮುಟ್ಟುವುದಿಲ್ಲ.

ಅದು ಮುಟ್ಟುವುದು ಮೆಕ್ಯಾನಿಕ್‌ನ ಜೆಟ್ ಪಂಪಿಗೆ. 2024ರ ಫೆಬ್ರವರಿಯಲ್ಲಿ ಆಯಿಯ ಕೋಣೆಗೆ ಕರೆಸಿದೆ, ಏಳುನೂರು ರೂಪಾಯಿ. ಬಟ್ಟೆಯ ಚೀಲ ಕಟ್ಟಿ, ಬ್ಲೋವರ್ ಅನ್ನು ಬೆರಳಿನಿಂದ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಒಂದೊಂದೇ ಎಲೆ ತೊಳೆದ. ಬಕೆಟ್‌ಗೆ ಇಳಿದ ನೀರು ಕೊಚ್ಚೆಯಾಗಿತ್ತು. ಅವತ್ತು 30 ನಿಮಿಷ. ಆಯಿ ಬೆಳಿಗ್ಗೆ ಎದ್ದು ವಾಸನೆಯ ಮಾತೇ ಆಡಲಿಲ್ಲ, ಆ ಬೇಸಿಗೆಯಿಡೀ ಆಡಲಿಲ್ಲ. ಇಂಡೋರ್‌ಗೆ ಈ ಮೂರರಲ್ಲಿ ಮೆಕ್ಯಾನಿಕ್‌ನ ಜೆಟ್‌ಗೆ ಸಾಟಿಯಿಲ್ಲ.

ಔಟ್‌ಡೋರ್‌ನಲ್ಲಿ ಅದೇ ಜೆಟ್ ನಷ್ಟ ಮಾಡಿತು. ಮೂರು ವರ್ಷ ಉಪ್ಪುಗಾಳಿ ಕುಡಿದ ಫಿನ್‌ಗಳು ಆಗಲೇ ಬೆಳ್ಳಗೆ ಹುಡಿಹುಡಿಯಾಗಿದ್ದವು. ಹತ್ತಿರದಿಂದ ಜೋರು ನೀರು ಬಿದ್ದದ್ದೇ, ಕೆಳಗಿನ ಮೂಲೆಯಲ್ಲಿ ಅಂಗೈ ಅಗಲ ಸುಟ್ಟ ಹಪ್ಪಳದಂತೆ ಉದುರಿತು. ನಾನು ನಿಲ್ಲಿಸಿದೆ. ಅವನು, "ಅಕ್ಕೋರೆ, ಇದು ಮೊದ್ಲೇ ಹೋಗಿತ್ತು" ಎಂದ. ಹೋಗಿದ್ದದ್ದು ನಿಜ, ಆದರೆ ಮೆಲ್ಲಗೆ ತೊಳೆದಿದ್ದರೆ ಇನ್ನೊಂದೆರಡು ವರ್ಷ ನಿಲ್ಲುತ್ತಿತ್ತು. ಹಿತ್ತಲ ಕಡೆಯ ಯೂನಿಟ್‌ಗೆ ನಾನು ಹದಿನೈದು ದಿನಕ್ಕೊಮ್ಮೆ ಕೈಪಂಪಿನಲ್ಲಿ ಸಿಹಿನೀರು ಹೊಡೆಯುತ್ತಿದ್ದೆ, ಹತ್ತು ನಿಮಿಷದ ಕೆಲಸ. ಅದರ ಫಿನ್ ಮೇಲಿನ ನೀಲಿ ಲೇಪ ಇನ್ನೂ ಕಾಣುತ್ತಿತ್ತು. ಗಾಳಿಯ ಮರೆಯಲ್ಲಿರುವುದರ ಲಾಭವೂ ಅದರಲ್ಲಿ ಸೇರಿದೆ, ಎಲ್ಲ ಕೀರ್ತಿಯನ್ನೂ ಪಂಪಿಗೇ ಕೊಡುವುದು ಸರಿಯಲ್ಲ. ಆದರೆ ಉಪ್ಪು ಕೂತು ಬಹಳ ದಿನವಾಗುವ ಮೊದಲೇ ತೊಳೆದುಹೋದರೆ ತಿನ್ನುವುದಕ್ಕೆ ಅದಕ್ಕೆ ಸಮಯ ಸಿಗುವುದಿಲ್ಲ. ವರ್ಷಕ್ಕೊಮ್ಮೆ ಎಷ್ಟು ಜೋರಾಗಿ ತೊಳೆದರೂ ತಿಂದದ್ದು ವಾಪಸು ಬರುವುದಿಲ್ಲ.

ಅದೇ ವರ್ಷದ ಏಪ್ರಿಲ್‌ನಲ್ಲಿ ಬೇರೆ ಮೆಕ್ಯಾನಿಕ್ ಒಬ್ಬ ಬಂದು, ಮೀಟರ್ ಹಚ್ಚದೆಯೇ, "ಮೂರು ವರ್ಷ ಆಯ್ತಲ್ಲ ಅಕ್ಕೋರೆ, ಗ್ಯಾಸ್ ಕಮ್ಮಿ ಆಗಿರ್ತದೆ" ಎಂದು 2,800 ರೂಪಾಯಿ ಹೇಳಿದ. ಏಸಿಯ ಗ್ಯಾಸ್ ಅಡುಗೆಯ ಸಿಲಿಂಡರಿನ ಹಾಗೆ ಉರಿದು ಮುಗಿಯುವುದಲ್ಲ, ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ಸೋರಿಕೆ ಹುಡುಕಿ ಮುಚ್ಚದೆ ತುಂಬಿಸಿದರೆ ಮತ್ತೆ ಹೋಗುತ್ತದೆ. ಜೋಡಣೆಗಳಲ್ಲಿ ಎಣ್ಣೆಯ ಜಿಡ್ಡು ಇದೆಯೇ, ಸಾಬೂನು ನೊರೆ ಹಚ್ಚಿದರೆ ಗುಳ್ಳೆ ಬರುತ್ತದೆಯೇ ಎಂದು ನಮ್ಮೆದುರೇ ನೋಡಲು ಹೇಳಿ. ನಮ್ಮದರಲ್ಲಿರುವುದು ಆರ್-32, ಬೆಂಕಿ ಹತ್ತಬಲ್ಲ ಗ್ಯಾಸ್. ತುಂಬುವಾಗ ತಕ್ಕಡಿಯಲ್ಲಿ ತೂಗಿ ತುಂಬಬೇಕು. ತಕ್ಕಡಿ ತರದವನನ್ನು ನಾನು ಹಾಗೇ ಕಳಿಸಿದೆ. ಒಂದು ಬೇಸಿಗೆ ಕಳೆಯಿತು, ತಂಪು ಕಡಿಮೆಯಾಗಲಿಲ್ಲ.

ಮಳೆಗಾಲದ ಮಾತು. ಸುಮಾರು 3,000 ಮಿ.ಮೀ. ಸುರಿಯುವ ಊರಲ್ಲಿ ಔಟ್‌ಡೋರ್‌ಗೆ ತಾಡಪಾಲು ಸುತ್ತುವವರು ಬಹಳ. ಒಂದು ವರ್ಷ ನಾನೂ ಸುತ್ತಿದೆ. ಸೆಪ್ಟೆಂಬರ್‌ನಲ್ಲಿ ಬಿಚ್ಚಿದರೆ ಒಳಗೆ ತೇವ ಹಾಗೇ ನಿಂತು ಸ್ಕ್ರೂಗಳೆಲ್ಲ ತುಕ್ಕು, ಇಲಿ ಒಂದು ವಯರ್ ಕಡಿದಿತ್ತು. ಮಳೆಯಿಂದ ಅದಕ್ಕೆ ಕೇಡಿಲ್ಲ, ಮಳೆನೀರು ಉಪ್ಪನ್ನು ತೊಳೆಯುತ್ತದೆ. ತೆಂಗಿನ ಹೆಡೆ ಬೀಳದಂತೆ ಮೇಲೊಂದು ತಗಡು ಸಾಕು, ಪಕ್ಕಗಳು ತೆರೆದಿರಲಿ.

ಒಳಗೆ ಮಾತ್ರ ಮಳೆಗಾಲಕ್ಕೆ ಮೊದಲು ಒಣಗಿಸಲೇಬೇಕು. ಜೂನ್ ಮೊದಲ ವಾರ ಒಂದು ಗಂಟೆ ಬರೀ ಫ್ಯಾನ್ ಮೋಡ್‌ನಲ್ಲಿ ಓಡಿಸುತ್ತೇನೆ. ಬೇಸಿಗೆಯಲ್ಲೂ ಬೆಳಿಗ್ಗೆ ನಿಲ್ಲಿಸುವ ಮೊದಲು ಅರ್ಧ ಗಂಟೆ ಫ್ಯಾನ್. ಇದೊಂದು ಅಭ್ಯಾಸದಿಂದ ಮಕ್ಕಳ ಕೋಣೆಯ ಬೂಷ್ಟು ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಆಷಾಢದಲ್ಲಿ ಹದಿನೈದು ದಿನಕ್ಕೊಮ್ಮೆ ಒಂದು ತಾಸು ಡ್ರೈ ಮೋಡ್. ಆಗ ಆಯಿಯ ಹಾಸಿಗೆಯ ಥಂಡಿಯೂ ಹೋಗುತ್ತದೆ, ಕಣಜವೂ ಪೈಪಿನ ಹತ್ತಿರ ಸುಳಿಯುವುದಿಲ್ಲ.

2025ರಿಂದ ಎರಡೂ ಕೋಣೆಗೆ ಒಂದೇ ಕ್ರಮ. ಫೆಬ್ರವರಿಯಲ್ಲಿ ಇಂಡೋರ್‌ಗೆ ಮಾತ್ರ ಮೆಕ್ಯಾನಿಕ್, ಔಟ್‌ಡೋರ್ ಮುಟ್ಟಬೇಡ ಎಂದು ಮೊದಲೇ ಹೇಳಿ. ಔಟ್‌ಡೋರ್ ನನ್ನ ಪಂಪಿಗೆ. ಪೈಪಿಗೆ ತಿಂಗಳಿಗೊಮ್ಮೆ ವಿನೆಗರ್. ಫೋಮ್ ಡಬ್ಬಿ ಮತ್ತೆ ತಂದಿಲ್ಲ. ಫಿಲ್ಟರ್ ತೊಳೆಯುವ ದಿನವನ್ನು ಆಯಿ ತನ್ನ ಪಂಚಾಂಗಕ್ಕೆ ಸೇರಿಸಿಕೊಂಡಿದ್ದಾಳೆ: ಹುಣ್ಣಿಮೆಗೊಂದು ಸಲ, ಅಮಾಸೆಗೊಂದು ಸಲ. ನಾನು ಶಾಲೆಯಿಂದ ಬರುವಷ್ಟರಲ್ಲಿ ನಾಲ್ಕೂ ಫಿಲ್ಟರ್ ಹಿತ್ತಲ ನೆರಳಲ್ಲಿ ಒಣಗುತ್ತಿರುತ್ತವೆ.