ಡಾಂಗಲ್, ಸರ್ವರ್, ಹೆಸರಿನ ಲೈಸೆನ್ಸ್: ಮೂರನ್ನೂ ಬಳಸಿ ನೋಡಿದೆ

ನಮ್ಮಲ್ಲಿ ಡಿಸೈನ್ ಸಾಫ್ಟ್‌ವೇರ್ ಬಳಸುವವರು 40 ಜನ. ಆದರೆ ಒಂದೇ ಹೊತ್ತಿಗೆ 15 ಜನಕ್ಕಿಂತ ಜಾಸ್ತಿ ಬೇಕಾಗುವುದು ಅಪರೂಪ. ಲೈಸೆನ್ಸ್ ನೋಡಿಕೊಳ್ಳುವ ಕೆಲಸ ನನ್ನದು.

ಮೊದಲು ಯುಎಸ್‌ಬಿ ಡಾಂಗಲ್ ಇತ್ತು, ಅಂದರೆ ಕಂಪ್ಯೂಟರ್‌ಗೆ ಚುಚ್ಚಿದರೆ ಮಾತ್ರ ಸಾಫ್ಟ್‌ವೇರ್ ತೆರೆಯುವ ಪುಟ್ಟ ಕೀ. ನೆಟ್‌ವರ್ಕ್ ಬಿದ್ದರೂ ಕೆಲಸ ನಿಲ್ಲುತ್ತಿರಲಿಲ್ಲ, ಅದೊಂದು ಪುಣ್ಯ. ಉಳಿದಂತೆ ಯಾರ ಡ್ರಾಯರ್‌ನಲ್ಲಿ ಯಾವುದಿದೆ ಅಂತ ಹುಡುಕುವುದೇ ದಿನದ ಕೆಲಸ.

ಆಮೇಲೆ ಲೈಸೆನ್ಸ್ ಹಂಚುವ ಫ್ಲೆಕ್ಸ್‌ನೆಟ್ ಸರ್ವರ್ ಹಾಕಿದೆವು. 15 ಲೈಸೆನ್ಸ್ ಒಂದು ಕಡೆ ಇರುತ್ತವೆ. ಸಾಫ್ಟ್‌ವೇರ್ ತೆರೆದರೆ ಒಂದು ಹೋಗುತ್ತದೆ, ಮುಚ್ಚಿದರೆ ವಾಪಸ್ ಬರುತ್ತದೆ. ಮೊದಲ ದಿನ ಒಬ್ಬರಿಗೂ ಸಿಗಲಿಲ್ಲ! ಫೈರ್‌ವಾಲ್‌ನಲ್ಲಿ 27000 ನಂಬರಿನ ಪೋರ್ಟ್ (ನೆಟ್‌ವರ್ಕ್ ಬಾಗಿಲು) ತೆರೆದು ನಾನು ನಿಶ್ಚಿಂತೆಯಿಂದ ಕೂತಿದ್ದೆ. ಆದರೆ ಸರ್ವರ್‌ನಲ್ಲಿ ಹಿಂದೆ ಓಡುತ್ತಾ ಲೈಸೆನ್ಸ್ ಕೊಡುವ ವೆಂಡರ್ ಡೀಮನ್ ಅನ್ನುವ ಪ್ರೋಗ್ರಾಂಗೆ ಬೇರೆ ಪೋರ್ಟ್ ಬೇಕು. ನಾವು ಹೇಳದಿದ್ದರೆ ಅದು ತನಗೆ ತೋಚಿದ್ದನ್ನು ಹಿಡಿಯುತ್ತದೆ. ಲೈಸೆನ್ಸ್ ಫೈಲ್‌ನಲ್ಲಿ ಒಂದು ನಂಬರ್ ಬರೆದು, ಅದನ್ನೂ ಫೈರ್‌ವಾಲ್‌ನಲ್ಲಿ ತೆರೆದ ಮೇಲೆ ಸರಿಹೋಯಿತು.

ನಂತರ ಶುರುವಾಗಿದ್ದು ಫೋನ್. ಬೆಳಗ್ಗೆ 11 ಆದರೆ ಸಾಕು, "ಲೈಸೆನ್ಸ್ ಖಾಲಿ ಅಂತಿದೆಯಲ್ಲ ಸಾರ್!" ಸರ್ವರ್‌ನ ಎಲ್‌ಎಂಸ್ಟ್ಯಾಟ್ ಕಮಾಂಡ್ ಓಡಿಸಿದೆ. ಯಾರು, ಯಾವ ಮೆಷಿನ್, ಎಷ್ಟು ಗಂಟೆಯಿಂದ, ಎಲ್ಲ ಬಂತು. 15ರಲ್ಲಿ ನಾಲ್ವರು ಮೀಟಿಂಗ್‌ನಲ್ಲಿ ಕೂತಿದ್ದರು, ಸಾಫ್ಟ್‌ವೇರ್ ಸುಮ್ನೆ ತೆರೆದಿತ್ತು. ಸರ್ವರ್‌ನ ಸೆಟ್ಟಿಂಗ್ ಬರೆಯುವ ಆಪ್ಷನ್ಸ್ ಫೈಲ್‌ನಲ್ಲಿ ಟೈಮ್‌ಔಟ್ 1800 ಸೆಕೆಂಡ್ ಅಂತ ಹಾಕಿದೆ. ಅರ್ಧ ಗಂಟೆ ಮುಟ್ಟದಿದ್ದರೆ ಲೈಸೆನ್ಸ್ ವಾಪಸ್. ಫೋನ್ ಬಹುತೇಕ ನಿಂತಿತು. ಇದಕ್ಕಿಂತ ಮುಂಚೆ ಇನ್ನೂ 5 ಲೈಸೆನ್ಸ್ ಕೊಳ್ಳಲು ಅರ್ಜಿ ಬರೆದಿದ್ದೆ, ನಾಚಿಕೆಯಾಗುತ್ತದೆ.

ಸರ್ವರ್‌ನ ತಲೆನೋವು ಅಂದರೆ ಲೈಸೆನ್ಸ್ ಎರವಲು (borrow). ಲ್ಯಾಪ್‌ಟಾಪ್‌ಗೆ ಲೈಸೆನ್ಸ್ ಎರವಲು ಪಡೆದವರೊಬ್ಬರು 30 ದಿನ ಅಂತ ಹಾಕಿ ರಜೆಗೆ ಹೋದರು. ಅವಧಿಗೆ ಮುಂಚೆ ಹಿಂದಿರುಗಿಸಬೇಕಾದರೆ ಅದೇ ಲ್ಯಾಪ್‌ಟಾಪ್ ಬೇಕು. ಆ ತಿಂಗಳು 14ರಲ್ಲೇ ನಡೆಸಿದೆವು.

ಕೊನೆಗೆ ಹೆಸರಿನ ಲೈಸೆನ್ಸ್ ನೋಡಿದೆ. ನೋಡಿಕೊಳ್ಳಲು ಸರ್ವರೇ ಇಲ್ಲ, ಮನೆಯಿಂದಲೂ ಲಾಗಿನ್ ಆಗಬಹುದು. ಸುಖ, ಅಲ್ವಾ? ಆದರೆ ಹೆಸರು ಒಬ್ಬರದು, ಲೈಸೆನ್ಸ್ ಅವರಿಗೇ. ತಿಂಗಳಿಗೆ ಎರಡು ಸಲ ಬಳಸುವವರಿಗೂ ಒಂದು ಪೂರ್ತಿ ಲೈಸೆನ್ಸ್! ಕೆಲಸ ಬಿಟ್ಟವರ ಹೆಸರು ತೆಗೆಯಲು ಮರೆತರೆ ಅದಕ್ಕೂ ದುಡ್ಡು ಹೋಗುತ್ತಲೇ ಇರುತ್ತದೆ.

ಈಗ ದಿನವಿಡೀ ಬಳಸುವ 6 ಜನಕ್ಕೆ ಹೆಸರಿನ ಲೈಸೆನ್ಸ್, ಉಳಿದವರಿಗೆ ಸರ್ವರ್. ಎರವಲಿನ ಮಿತಿ 3 ದಿನಕ್ಕೆ ಇಳಿಸಿದ್ದೇನೆ.