ವೂವೆಸ್‌ನ ಆಲಿವ್ ಮರ: ಮರಕ್ಕೆ ಪೂರ್ತಿ ಅಂಕ, ಟೂರಿಗೆ ಅರ್ಧ

ಗ್ರೀಸ್‌ನ ಕ್ರೀಟ್ ದ್ವೀಪದ ಹನಿಯಾ ಪಟ್ಟಣದಲ್ಲಿ ಉಳಿದುಕೊಂಡವರಿಗೆ 'ಆಲಿವ್ ಟೂರ್' ಅನ್ನೋ ಅರ್ಧ ದಿನದ ಪ್ಯಾಕೇಜ್ ಸಿಗುತ್ತದೆ. ಹಳೇ ಮರ, ಅದರ ಪಕ್ಕದ ಮ್ಯೂಸಿಯಂ, ಒಂದು ಎಣ್ಣೆ ಮಿಲ್ಲು, ಕೊನೆಗೆ ಎಣ್ಣೆ ರುಚಿ ನೋಡುವುದು. ನಾವು ಹೋದ ಕಂಪನಿಯ ಹೆಸರು ಬೇಡ ಬಿಡಿ. ಮರವನ್ನಂತೂ ನೋಡಲೇಬೇಕು, ಆದರೆ ಅದಕ್ಕೆ ಈ ಟೂರ್ ಬೇಕಾಗಿಲ್ಲ.

ಮರ ಇರುವುದು ಆನೋ ವೂವೆಸ್ ಅನ್ನೋ ಹಳ್ಳಿಯಲ್ಲಿ, ಹನಿಯಾದಿಂದ ಪಶ್ಚಿಮಕ್ಕೆ ಸುಮಾರು 30 ಕಿ.ಮೀ. ಕಾಂಡದ ಸುತ್ತಳತೆ 12.5 ಮೀಟರ್. ಕಾಂಡ ಅಂದರೆ ನೆಟ್ಟಗೆ ನಿಂತ ಬೊಡ್ಡೆ ಅಂದುಕೊಳ್ಳಬೇಡಿ, ಹತ್ತಾರು ದಪ್ಪ ಹಗ್ಗ ಒಟ್ಟಿಗೆ ಹೊಸೆದು ಅರ್ಧಕ್ಕೆ ಬಿಟ್ಟ ಹಾಗಿದೆ. ಎಲ್ಲಿ ನೋಡಿದರೂ ಗಂಟು, ಸುಕ್ಕು, ಬಿರುಕು. ನಡುವೆ ದೊಡ್ಡ ಪೊಟರೆ, ಒಳಗಿನ ತಿರುಳು ಯಾವತ್ತೋ ಕೊಳೆತು ಹೋಗಿದೆ. ತಲೆ ಎತ್ತಿದರೆ ಮಾತ್ರ ಬೂದು ಹಸಿರು ಎಲೆಗಳ ಮಧ್ಯೆ ಕಾಯಿ! ಈಗಲೂ ಫಸಲು ಬಿಡುತ್ತದೆ.

ಗೈಡ್ ಬಸ್ಸಿನಲ್ಲೇ '4000 ವರ್ಷದ ಮರ' ಅಂತ ಶುರು ಮಾಡಿದರು. ಕಾಂಡದೊಳಗೆ ವರ್ಷ ವರ್ಷ ಬೆಳೆಯುವ ಉಂಗುರ ನೋಡಿ ತಜ್ಞರು ಹೇಳಿರುವುದು ಕನಿಷ್ಠ 2000 ವರ್ಷ ಅಂತ. ಅದರ ಮೇಲಿನದ್ದೆಲ್ಲ ಅಂದಾಜು, ಯಾಕಂದರೆ ಎಲ್ಲಕ್ಕಿಂತ ಹಳೇ ಭಾಗವೇ ಕೊಳೆತು ಹೋಗಿದೆಯಲ್ಲ, ಎಣಿಸುವುದು ಏನನ್ನು? ಜೆರುಸಲೇಮಿನ ಗೆತ್ಸೆಮನೆ ತೋಟದ ಆಲಿವ್ ಮರಗಳೂ ಏಸುವಿನ ಕಾಲದವು ಅಂತ ಜನ ನಂಬಿದ್ದರು, ಪರೀಕ್ಷೆ ಮಾಡಿದಾಗ ಕಾಂಡಗಳು ಹೆಚ್ಚು ಕಡಿಮೆ 12ನೇ ಶತಮಾನದವು ಅಂತ ಬಂತು. ಬೇರು ಇನ್ನೂ ಹಳೆಯದಿರಬಹುದು. ಕಡಿದರೂ ಸುಟ್ಟರೂ ಬುಡದಿಂದ ಮತ್ತೆ ಚಿಗುರುವ ಮರ ಇದು. ಪರ್ಷಿಯನ್ನರು ಕ್ರಿ.ಪೂ. 480ರಲ್ಲಿ ಅಥೆನ್ಸ್‌ನ ಗುಡ್ಡದ ಕೋಟೆ ಅಕ್ರೊಪೊಲಿಸ್ ಸುಟ್ಟಾಗ ಅಲ್ಲಿದ್ದ ಅಥೀನಾ ದೇವಿಯ ಆಲಿವ್ ಮರವೂ ಸುಟ್ಟಿತು, ಮಾರನೇ ದಿನ ಹೋಗಿ ನೋಡಿದರೆ ಒಂದು ಮೊಳ ಚಿಗುರು ಬಂದಿತ್ತು ಅಂತ ಹಳೇ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಒಂದೇ ದಿನಕ್ಕೆ ಒಂದು ಮೊಳ ಸ್ವಲ್ಪ ಜಾಸ್ತಿಯಾಯಿತು, ಆದರೆ ಚಿಗುರುವುದು ಸುಳ್ಳಲ್ಲ.

ಅಥೀನಾ ಮತ್ತು ಸಮುದ್ರದ ದೇವರು ಪೊಸೈಡನ್ ಪೈಪೋಟಿಯ ಕಥೆಯನ್ನು ಗೈಡ್ ಚೆನ್ನಾಗಿಯೇ ಹೇಳಿದರು. ಅಥೆನ್ಸ್ ಊರು ಯಾರದ್ದು ಅಂತ ಜಗಳ ಬಂದಾಗ ಅವನು ಉಪ್ಪುನೀರಿನ ಬುಗ್ಗೆ ಚಿಮ್ಮಿಸಿದ, ಅವಳು ಆಲಿವ್ ಮರ ಕೊಟ್ಟಳು, ಊರು ಅವಳದಾಯಿತು. ಸರಿ, ಆದರೆ ಎದುರಿಗಿದ್ದ ಮರದ ಬಗ್ಗೆ ಹೇಳಬೇಕಾದ್ದನ್ನೇ ಬಿಟ್ಟುಬಿಟ್ಟರು. ಇದು ಕಸಿ ಕಟ್ಟಿದ ಮರ. ಕೆಳಗಿರುವುದು ಕಾಡು ಆಲಿವ್, ಸುಮಾರು 3 ಮೀಟರ್ ಎತ್ತರದಲ್ಲಿ ಅದಕ್ಕೆ ತ್ಸುನಾಟಿ ಅನ್ನೋ ಊರ ತಳಿಯನ್ನು ಕಟ್ಟಿದ್ದಾರೆ. ಅಂದರೆ ಹೆಸರೇ ಗೊತ್ತಿಲ್ಲದ ಯಾವನೋ ರೈತ ಅಷ್ಟು ಎತ್ತರಕ್ಕೆ ಹತ್ತಿ, ಕೊಯ್ದು, ಕಟ್ಟಿ ಇಳಿದ. ಅದರ ಫಲ ಊರಿನವರು ಇವತ್ತಿಗೂ ಕೊಯ್ಯುತ್ತಿದ್ದಾರೆ. ನನಗಂತೂ ದೇವತೆಗಳ ಜಗಳಕ್ಕಿಂತ ಇದೇ ದೊಡ್ಡದು ಅನಿಸಿತು.

ಮರವನ್ನು 1997ರಲ್ಲಿ ರಕ್ಷಿತ ಸ್ಮಾರಕ ಅಂತ ಘೋಷಿಸಿದರು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಗೆದ್ದವರ ಮಾಲೆಗೆ ಇದರ ರೆಂಬೆಯನ್ನೂ ಬಳಸಿದ್ದರು. ಆ ವರ್ಷ ಶೂಟಿಂಗ್‌ನಲ್ಲಿ ಬೆಳ್ಳಿ ಗೆದ್ದ ನಮ್ಮ ರಾಜ್ಯವರ್ಧನ್ ಸಿಂಗ್ ರಾಥೋಡ್ ಅವರ ತಲೆ ಮೇಲೂ ಆಲಿವ್ ಮಾಲೆ ಇತ್ತು, ಹಳೇ ಫೋಟೋ ನೋಡಿ. (ಅದು ಇದೇ ಮರದ್ದು ಅಂತ ನಾನು ಹೇಳುತ್ತಿಲ್ಲ.)

2009ರಲ್ಲಿ ತೆರೆದ ಮ್ಯೂಸಿಯಂ ಚಿಕ್ಕದು, ಹಳೇ ಕಾಲದ ಮನೆ. ಹಿಂದಿನವರು ಆಲಿವ್ ಬೆಳೆದು ಎಣ್ಣೆ ತೆಗೆಯುತ್ತಿದ್ದ ಸಾಮಾನುಗಳಿವೆ. ಗಾಣ ನೋಡಿ ಬೆಳೆದವರಿಗೆ ಯಾರೂ ವಿವರಿಸಬೇಕಾಗಿಲ್ಲ: ಕಾಯಿ ಅರೆ, ಒತ್ತು, ಎಣ್ಣೆ ಬೇರೆ, ಹಿಂಡಿ ಬೇರೆ. ಇದೇ ದ್ವೀಪದ ಕ್ನೋಸಸ್ ಅರಮನೆಯಲ್ಲಿ 3000 ವರ್ಷಕ್ಕೂ ಹಿಂದೆ ಮಣ್ಣಿನ ಹಲಗೆ ಮೇಲೆ ಎಣ್ಣೆ ಲೆಕ್ಕ ಬರೆದಿಡುತ್ತಿದ್ದರು. ನಿಧಾನಕ್ಕೆ ನೋಡೋಣ ಅಂದರೆ ಬಸ್ ಹೊರಟಿತು. ಮರಕ್ಕೂ ಮ್ಯೂಸಿಯಂಗೂ ಸೇರಿ ಕೊಟ್ಟದ್ದು ಅರ್ಧ ಗಂಟೆ, ಎಣ್ಣೆ ಅಂಗಡಿಯಲ್ಲಿ ಕೂರಿಸಿದ್ದು ಅದರ ಎರಡರಷ್ಟು.

ಮಿಲ್ಲಿನ ಕಥೆ ಇನ್ನೂ ಚೆಂದ. ಕೊಯ್ಲು ಮುಖ್ಯವಾಗಿ ನವೆಂಬರ್‌ನಿಂದ ಜನವರಿವರೆಗೆ. ಆಗಸ್ಟ್‌ನಲ್ಲಿ ಹೋದ ನಮಗೆ ತೊಳೆದಿಟ್ಟ ಸ್ಟೀಲ್ ಯಂತ್ರಗಳ ದರ್ಶನವಾಯಿತು, ಮೇಲೊಂದು ವಿಡಿಯೋ. ಇದನ್ನು ಬುಕಿಂಗ್ ಮಾಡುವಾಗಲೇ ಹೇಳಬೇಕಿತ್ತು ಅಲ್ವಾ?

ರುಚಿ ನೋಡಿಸಿದ್ದು ಮಾತ್ರ ಚೆನ್ನಾಗಿತ್ತು, ಸುಮ್ನೆ ದೂರಬಾರದು. ಸಣ್ಣ ಲೋಟದಲ್ಲಿ ಎಣ್ಣೆ ಹಾಕಿ, ಅಂಗೈಯಲ್ಲಿ ಹಿಡಿದು ಸ್ವಲ್ಪ ಬೆಚ್ಚಗೆ ಮಾಡಿ ಕುಡಿಯಬೇಕು. ಮೊದಲು ಹಸಿ ಹುಲ್ಲಿನ ವಾಸನೆ, ಆಮೇಲೆ ಕಹಿ, ಕೊನೆಗೆ ಗಂಟಲಲ್ಲಿ ಖಾರ. ನನ್ನವರು ಕೆಮ್ಮಿಯೇ ಬಿಟ್ಟರು. ಆ ಕೆಮ್ಮು ಒಳ್ಳೆಯ ತಾಜಾ ಎಣ್ಣೆಯ ಗುರುತಂತೆ, ಓಲಿಯೊಕ್ಯಾಂಥಾಲ್ ಅನ್ನೋ ಅಂಶದಿಂದ ಬರುತ್ತದೆ. ನಮ್ಮಲ್ಲಿ ಅಗ್ಗಕ್ಕೆ ಸಿಗುವ ಪೊಮೆಸ್ ಎಣ್ಣೆಯಲ್ಲಿ ಇದು ಸಿಗುವುದಿಲ್ಲ. ಅದು ಉಳಿದ ಹಿಂಡಿಯಿಂದ ರಾಸಾಯನಿಕ ಹಾಕಿ ತೆಗೆದು ಶುದ್ಧ ಮಾಡಿದ್ದು.

ಹೋಗುವವರು ಬಾಡಿಗೆ ಕಾರು ತಗೊಂಡು ಬೆಳಿಗ್ಗೆಯೇ ಹೋಗಿ, ಬಸ್ಸುಗಳು ಬರುವ ಮುಂಚೆ. ಮರ ನೋಡಲು ದುಡ್ಡಿಲ್ಲ, ನಾವು ಹೋದಾಗ ಮ್ಯೂಸಿಯಂಗೂ ಟಿಕೆಟ್ ಇರಲಿಲ್ಲ. ಮಿಲ್ಲು ಓಡುವುದು ನೋಡಬೇಕಿದ್ದರೆ ನವೆಂಬರ್ ಆದ ಮೇಲೆ ಹೋಗಿ. ಎಣ್ಣೆ ಕೊಳ್ಳುವಾಗ ಕೊಯ್ಲಿನ ವರ್ಷ ನೋಡಿ, ಎಕ್ಸ್‌ಟ್ರಾ ವರ್ಜಿನ್ (ಎಲ್ಲಕ್ಕಿಂತ ಮೇಲಿನ ದರ್ಜೆ) ಅಂದರೆ ಆಮ್ಲದ ಅಂಶ 0.8 ಶೇಕಡಾ ದಾಟಿರಬಾರದು. ಗಾಜಿನ ಬಾಟಲಿಗಿಂತ ತಗಡಿನ ಡಬ್ಬಿ ವಾಸಿ, ಬೆಳಕು ತಾಗುವುದಿಲ್ಲ, ಒಡೆಯುವ ಭಯವೂ ಇಲ್ಲ. ಅದನ್ನು ಚೆಕ್-ಇನ್ ಲಗೇಜಿಗೇ ಹಾಕಿ, ಕೈಚೀಲದಲ್ಲಿಟ್ಟರೆ ಏರ್‌ಪೋರ್ಟಿನಲ್ಲೇ ಬಿಟ್ಟು ಬರಬೇಕಾಗುತ್ತದೆ.